ಬಿಳಿ ಹೂ ಹಿಡಿದು ನಿಂತವನು

ಬಹ್ರೇನ್
೨೩ ನವೆಂಬರ್ ೨೦೨೫

ಪ್ರೀತಿಯ ಮಾಯ್,

ನಿನ್ನ ಮಗಳ ಮುತ್ತುಗಳು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಇದನ್ನು ನೀನು ಪೂರ್ತಿ ಕೇಳಬೇಕೆಂದೇ ಕಾಗದ ಬರೆಯುತ್ತಿದ್ದೇನೆ.

ಕಳೆದ ವಾರ ನಮ್ಮ ಹೋಟೆಲಿನಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ್ತಿ ಸೊಲೀನ್ ಮೊರ್ವಾನ್ ಇಲ್ಲಿನ ಪಂದ್ಯಾವಳಿಗೆಂದು ಬಂದು ಇಳಿದುಕೊಂಡಿದ್ದಳು. ಇನ್ನೂ ಹತ್ತೊಂಬತ್ತರ ಹುಡುಗಿ. ಹೋದ ವರ್ಷದವರೆಗೆ ಊರೂರು ಅಲೆದು ಖಾಲಿ ಗ್ಯಾಲರಿಗಳ ಮುಂದೆ ಆಡುತ್ತಿದ್ದವಳು. ಪ್ಯಾರಿಸಿನಲ್ಲಿ ದೊಡ್ಡ ಆಟಗಾರ್ತಿಯೊಬ್ಬಳನ್ನು ಸೋಲಿಸಿದ್ದೇ ತಡ, ಈಗ ವಾಚಿನ ಜಾಹೀರಾತಿನಲ್ಲೂ ಅವಳೇ, ಹುಡುಗಿಯರ ಮೊಬೈಲಿನಲ್ಲೂ ಅವಳೇ. ಈಸಾ ಟೌನಿನ ಶಾಲಾಮಕ್ಕಳು ಬಸ್ಸು ಮಾಡಿಕೊಂಡು ಬಂದು ಲಾಬಿಯಲ್ಲಿ ಕಾದರು. ಒಬ್ಬೊಬ್ಬರ ಹೆಸರು ಕೇಳಿ ಸಹಿ ಹಾಕಿಕೊಟ್ಟಳು. ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದಲ್ಲವೇ, ಪಕ್ಕದಲ್ಲೇ ನಿಂತಿದ್ದೆ. ನಗುನಗುತ್ತಿದ್ದವಳ ಪೆನ್ನು ಒಮ್ಮೆಲೇ ನಿಂತಿತು. ಕಂಬದ ಬಳಿ ಬಿಳಿ ಹೂಗುಚ್ಛ ಹಿಡಿದು ಒಬ್ಬ ಗಂಡಸು ನಿಂತಿದ್ದ.

ದೋಹಾದಲ್ಲಿ, ದುಬೈಯಲ್ಲಿ, ಅವಳು ಆಡಿದಲ್ಲೆಲ್ಲ ಅವನಿದ್ದನಂತೆ. ಅಭಿಮಾನಿಗಳೆಂದರೆ ಹಾಗೆಯೇ, ದೂರು ಕೊಟ್ಟರೆ ಹೆಸರು ಕೆಡುತ್ತದೆ ಎಂದನಂತೆ ಅವಳ ಮ್ಯಾನೇಜರ್. ನಾನು ನಮ್ಮ ಸೆಕ್ಯುರಿಟಿಯ ಯಶ್ವಂತನಿಗೆ ತಿಳಿಸಿದೆ. "ಬಿಡಿ ಮಾರಾಯ್ರೆ, ಹೂ ಹಿಡ್ಕೊಂಡು ಬಂದವ ಎಂತ ಮಾಡ್ತಾನೆ?" ಎಂದು ಅವನು ನಕ್ಕ. ಅದೇ ಸಂಜೆ ಆ ಮನುಷ್ಯ, ತಾನು ಅವಳನ್ನು ಮದುವೆಯಾಗುವವನೆಂದು ಹೇಳಿ ಕೌಂಟರಿನಲ್ಲಿ ಕಣ್ಣೀರು ಹಾಕಿದ. ಹೊಸ ಹುಡುಗಿ ಜುವೈರಿಯಾ ಕರಗಿ ರೂಮ್ ನಂಬರ್ ಹೇಳಿಬಿಟ್ಟಳು.

ಅದು ನನ್ನ ಕಿವಿಗೆ ಬಿದ್ದದ್ದು ಮರುದಿನ ಬೆಳಿಗ್ಗೆ, ಸೆಮಿಫೈನಲ್ಲಿನ ದಿನ. ಸೊಲೀನ್‌ಳ ರೂಮಿಗೆ ಓಡಿದೆ. ಅವಳನ್ನು ಕೆಲಸಗಾರರ ಲಿಫ್ಟಿನಲ್ಲಿ ಇಳಿಸಿ ಹಿಂಬಾಗಿಲಿನಿಂದ ಕಾರಿಗೆ ಕರೆದೊಯ್ಯೋಣವೆಂದು ಹೊರಗೆ ಬಂದರೆ, ಲಿಫ್ಟಿನೆದುರು ಅವನು. ಕೈಯಲ್ಲಿ ಹೂವಿರಲಿಲ್ಲ. ಬಹಳ ಮೆತ್ತಗಿನ ದನಿಯಲ್ಲಿ, ಸ್ವಲ್ಪ ಮಾತಾಡಬೇಕು, ಇವಳಿಲ್ಲದೆ ಬದುಕಲಾರೆ ಎಂದ. ಸೊಲೀನ್‌ಳ ಉಗುರು ನನ್ನ ತೋಳಿಗೆ ಇಳಿದಿತ್ತು. ನಾನು ನಡುವೆ ನಿಂತೆ. ಅವನು ನನ್ನನ್ನು ಗೋಡೆಗೆ ತಳ್ಳಿ ಅವಳ ಮಣಿಕಟ್ಟು ಹಿಡಿದು ತಿರುಚಿದ. ನಾನು ಕಿರುಚಿದ್ದು ಯಾವ ಭಾಷೆಯಲ್ಲೋ, ನನಗೇ ನೆನಪಿಲ್ಲ. ಸಾಲುಸಾಲಾಗಿ ಬಾಗಿಲುಗಳು ತೆರೆದವು. ಯಶ್ವಂತ ಓಡಿಬಂದು ಅವನನ್ನು ಕೆಡವಿ ಹಿಡಿದ. ಅವಳ ಮ್ಯಾನೇಜರ್ ಬೇಡ ಬೇಡ ಎನ್ನುತ್ತಿದ್ದಂತೆಯೇ ನಾನು ಪೊಲೀಸರಿಗೆ ಫೋನ್ ಮಾಡಿದೆ.

ಊದಿದ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಹುಡುಗಿ ಆಡಿದಳು, ಸೋತಳು. ಪತ್ರಕರ್ತರೆದುರು ಮ್ಯಾನೇಜರ್ ತಡೆದರೂ ನಡೆದದ್ದನ್ನೆಲ್ಲ ಹೇಳಿದಳು. ಸೋತದ್ದಕ್ಕೆ ನೆಪ ಹುಡುಕುತ್ತಾಳೆ ಎಂದು, ಹಿಂದಿನ ದಿನ ಹೊಗಳಿದವರೇ ಬರೆದರು. ಆ ಮನುಷ್ಯ ಮಾತ್ರ ಲಾಕಪ್ಪಿನಲ್ಲಿದ್ದಾನೆ.

ಹೊರಡುವಾಗ ಅವಳು ನನ್ನನ್ನು ತಬ್ಬಿಕೊಂಡು, ಯಾರೂ ನಂಬದಿದ್ದಾಗ ನೀವೊಬ್ಬರೇ ಹೇಗೆ ನಂಬಿದಿರಿ ಎಂದು ಕೇಳಿದಳು. ನಾನು ಅವಳ ಚೀಲ ಕಾರಿನಲ್ಲಿಟ್ಟೆ.

ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ,
ಶಾಲೆಟ್

ತಾ.ಕ.: ಜೆರಿ ನಿನ್ನ ಹತ್ತಿರ ಬಂದು ಅತ್ತನೆಂದು ಅವನಿಗೆ ಇಲ್ಲಿ ಹೂರಾದಲ್ಲಿರುವ ನನ್ನ ಮನೆಯ ವಿಳಾಸ ಕೊಟ್ಟೆಯಂತೆ. ಕಟ್ಟಿಕೊಂಡ ಗಂಡ, ಪ್ರೀತಿಯಿಲ್ಲದೆ ಅಳುತ್ತಾನಾ ಎಂದೆಯಂತೆ. ನಿನ್ನ ಪಕ್ಕದ ಮನೆಯ ಶರ್ಮಿಳಾ ಫೋನಿನಲ್ಲಿ ಹೇಳಿದಳು. ಮಾಯ್, ಅಂದು ನನ್ನ ಕೈ ಮುರಿದದ್ದು ಬಚ್ಚಲಲ್ಲಿ ಜಾರಿ ಬಿದ್ದು ಅಲ್ಲ. ನಾನು ಮನೆ ಬದಲಿಸಿದ್ದೇನೆ. ಎಲ್ಲಿಗೆ ಎಂದು ನಿನಗೂ ಬರೆಯುವುದಿಲ್ಲ.