ಎಂಟನೇ ಲೇನ್

ಲ್ಯಾಬಿನ ಪಕ್ಕದ ಟೈಪಿಂಗ್ ಕೋಣೆ,
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕಾ,

ಇವತ್ತು ಬೆಳಗ್ಗೆ ನಾನು ಬಂದಾಗ ನಿಮ್ಮ ಲ್ಯಾಬಿನ ಸಹಾಯಕ ಫ್ರೀಜರ್ ಮಾವ ನಿನ್ನ ಬೆಂಚು ಒರೆಸುತ್ತಿದ್ದರು. ನೀನು ಇಲಿಗಳ ಮೇಲಿನ ಪ್ರಯೋಗ ಕಲಿಯಲು ಆ ಊರಿನ ಲ್ಯಾಬಿಗೆ ಹೋಗಿ ಆರು ವಾರವಾಯಿತು, ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಆದರೂ ದಿನಾ ಒರೆಸುತ್ತಾರೆ. ಮಧ್ಯೆ ಮೂಗು ಕಡಿಯಿತೇನೋ, ಗ್ಲೌಸ್ ಹಾಕಿದ ಕೈಯಲ್ಲೇ ಒಂದು ಸಲ ತುರಿಸಿಕೊಂಡರು. ಅತ್ತಿತ್ತ ನೋಡಿದರು. ಬಾಗಿಲ ಬಳಿ ನಿಂತಿದ್ದ ನಾನು ಕಾಣಲಿಲ್ಲ (ನಾನು ಯಾರಿಗೆ ತಾನೇ ಕಾಣುತ್ತೇನೆ). ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಆ ಗ್ಲೌಸ್ ಕಿತ್ತು ಬುಟ್ಟಿಗೆ ಹಾಕಿ, ಹೊಸದು ತೊಟ್ಟು, ಅಲ್ಲಿಯವರೆಗೆ ಒರೆಸಿದ್ದನ್ನೆಲ್ಲ ಮೊದಲಿನಿಂದ ಮತ್ತೆ ಒರೆಸಿದರು. ಚರ್ಮಕ್ಕೆ ಅಂಟಿಕೊಂಡಿರುವುದು ಒಂದು ಚೂರು ತಾಗಿದರೂ ಆರ್‌ಎನ್‌ಎ ಪುಡಿಪುಡಿಯಾಗುತ್ತದೆ ಅಂತ ಮೊದಲ ದಿನವೇ ನೀನು ನನಗೆ ಬೈದಿದ್ದೆಯಲ್ಲ, ಅದಕ್ಕೇ ಇರಬೇಕು.

ಹೆಬ್ಬೆರಳ ನೋವು ಹೇಗಿದೆ? ಪಿಪೆಟ್ ಒತ್ತಿ ಒತ್ತಿ ಬಂದ ನೋವಿಗೆ ವಿಶ್ರಾಂತಿ ಬಿಟ್ಟರೆ ಬೇರೆ ಔಷಧವಿಲ್ಲ ಅಂತ ಡಾಕ್ಟರ್ ಹೇಳುತ್ತಿದ್ದಾಗಲೇ ನೀನು ಮೇಜಿನಡಿ ಮಂಡಿಯ ಮೇಲೆ ಹೆಬ್ಬೆರಳು ಒತ್ತುತ್ತಾ ಏನೋ ಎಣಿಸುತ್ತಿದ್ದೆ. ಅಲ್ಲಾದರೂ ಒಂದಿಷ್ಟು ಕೈಗೆ ಬಿಡುವು ಕೊಡುತ್ತಿದ್ದೀಯಾ? ಇಲಿ ಕಚ್ಚಿದ ಗಾಯ ಮಾಗಿತಾ? ಅಮ್ಮ ಆರೋಗ್ಯವಾಗಿದ್ದಾಳೆ. ಔಷಧಿ ಅಂಗಡಿಯವನ ಹತ್ತಿರ 'ನನ್ನ ದೊಡ್ಡ ಮಗಳು ಕ್ಯಾನ್ಸರ್ ಹರಡದ ಹಾಗೆ ಮಾಡೋ ಔಷಧ ಕಂಡುಹಿಡಿದಿದ್ದಾಳೆ' ಅಂದಳಂತೆ. ಅವನು ಮುಖ ಎತ್ತದೆ 'ಯಾವ ಕಂಪನಿದು ಅಮ್ಮಾ, ತರಿಸಿಕೊಡ್ತೀನಿ' ಅಂದನಂತೆ. ನಗು ಬಂದರೂ ನಗಲು ಆಗಲಿಲ್ಲ ನನಗೆ. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ.

ಫೋನಿನಲ್ಲಿ ನನಗೆ ಮಾತಾಡಲು ಬರುವುದಿಲ್ಲ, ನಿನಗೆ ಕೇಳಿಸಿಕೊಳ್ಳಲು ಬರುವುದಿಲ್ಲ. ಶನಿವಾರ ನಾನು ನಾಲ್ಕು ವಾಕ್ಯ ಹೇಳುವಷ್ಟರಲ್ಲಿ 'ಆಮೇಲೆ ಮಾಡ್ತೀನಿ ಕಣೇ, ಕೈಯಲ್ಲಿ ಇಲಿ ಇದೆ' ಅಂತ ಇಟ್ಟುಬಿಟ್ಟೆ. ಆಮೇಲೆ ಬಂದದ್ದು ಒಂದು ಮೆಸೇಜು. ಅದನ್ನು ಎಷ್ಟು ಸಲ ಓದಿದೆನೋ. 'ವಿಜ್ಞಾನ ನಾನು ನೋಡ್ಕೋತೀನಿ, ನೀನು ಅಲ್ಪವಿರಾಮ ನೋಡ್ಕೋ.' ಸರಿ ಅಕ್ಕಾ. ಎಂ.ಎ. ಮುಗಿಸಿ ಎಂಟು ತಿಂಗಳು ಕೆಲಸವಿಲ್ಲದೆ ಮನೆಯ ಮೂಲೆ ಹಿಡಿದಿದ್ದವಳನ್ನು ಕರೆತಂದು ನಿನ್ನ ನೋಟ್‌ಬುಕ್ಕುಗಳನ್ನು ಟೈಪ್ ಮಾಡಿ, ಥೀಸಿಸ್ಸಿನ ಭಾಷೆ ತಿದ್ದಲು ಕೂರಿಸಿದವಳು ನೀನು. ಆ ಉಪಕಾರ ಮರೆತಿಲ್ಲ. ಆದರೆ ಆರು ವರ್ಷದ ನಿನ್ನ ಹದಿನಾಲ್ಕು ನೋಟ್‌ಬುಕ್ಕುಗಳನ್ನು ಒಂದು ಸಾಲೂ ಬಿಡದೆ ಓದಿದ್ದು ಈ ಭೂಮಿಯ ಮೇಲೆ ನಾನೊಬ್ಬಳೇ. ನಿನ್ನ ಗೈಡ್ ಮೇಡಂ ಓದಿಲ್ಲ. ನೀನೂ ಬರೆದ ಮೇಲೆ ಹಿಂತಿರುಗಿ ಓದಿದಂತಿಲ್ಲ.

ನನಗೆ ಏನೂ ಅರ್ಥವಾಗಿಲ್ಲ ಅಂತ ನೀನು ತಳ್ಳಿಹಾಕಬಾರದು. ಅದಕ್ಕೇ ಅರ್ಥವಾದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕಾಯುತ್ತಾ ನೀನೇ ಹೇಳಿದ್ದು ಇದು. ಜೀನ್ ಅಂದರೆ ಗಲ್ಲಾದಲ್ಲಿ ಕೂತ ಯಜಮಾನ. ಅವನು ಎದ್ದು ಅಡುಗೆಮನೆಗೆ ಹೋಗುವುದಿಲ್ಲ, ಚೀಟಿ ಬರೆದು ಕಳಿಸುತ್ತಾನೆ, ಅದೇ ಆರ್‌ಎನ್‌ಎ. ಅಡುಗೆಯವನು ಚೀಟಿಯಲ್ಲಿದ್ದದ್ದನ್ನು ಮಾಡಿ ಕೊಡುತ್ತಾನೆ, ಅದೇ ಪ್ರೋಟೀನು. ನಿನ್ನ ಎಸ್‌ಐಆರ್‌ಎನ್‌ಎ ಅನ್ನುವ ಇಪ್ಪತ್ತೊಂದು ಅಕ್ಷರದ ತುಣುಕು ಮಧ್ಯದಲ್ಲಿ ನಿಂತು, ತನಗೆ ಹೊಂದುವ ಚೀಟಿ ಬಂದ ಕೂಡಲೇ ಹರಿದುಹಾಕಿಸುತ್ತದೆ. ಯಜಮಾನನಿಗೆ ಏನೂ ಆಗಿರುವುದಿಲ್ಲ, ಅಡುಗೆಯವನೂ ಚೆನ್ನಾಗಿರುತ್ತಾನೆ, ಆ ಒಂದು ತಿಂಡಿ ಮಾತ್ರ ಮೇಜಿಗೆ ಬರುವುದಿಲ್ಲ. 'ಇದೂ ನಿನ್ನ ಹಾಗೇ ಕಣೇ ಇರುವೆ, ಸದ್ದಿಲ್ಲದೆ ಮಧ್ಯೆ ತಲೆ ಹಾಕೋ ಜಾತಿ' ಅಂತ ನಕ್ಕಿದ್ದೆ. ಒಂದು ಎಚ್ಚರಿಕೆಯನ್ನೂ ಹೇಳಿದ್ದೆ. ಈ ತುಣುಕು ಕೆಲವು ಸಲ ಆರೇಳು ಅಕ್ಷರ ಹೊಂದಿದರೆ ಸಾಕು ಅಂತ ಬೇರೆ ಯಾರದೋ ಚೀಟಿಯನ್ನೂ ಹರಿದುಹಾಕಿಸಿಬಿಡುತ್ತದೆ. ಹಾಗಾಗಿ ಒಂದನ್ನೇ ನಂಬಬಾರದು. ಒಂದೇ ಚೀಟಿಯ ಬೇರೆ ಬೇರೆ ಕಡೆಗೆ ಹೊಂದುವ ಎರಡು ತುಣುಕು ಮಾಡಿ, ಎರಡರಿಂದಲೂ ಒಂದೇ ಉತ್ತರ ಬಂದರೆ ಮಾತ್ರ ನಂಬಬೇಕು. ನೀನೂ ಎರಡು ಮಾಡಿಸಿದ್ದೆ, ಎ ಮತ್ತು ಬಿ.

ಈಗ ನಾಲ್ಕನೇ ಅಧ್ಯಾಯಕ್ಕೆ ಬಾ. ತಟ್ಟೆಯಲ್ಲಿ ಬೆಳೆದ ಕ್ಯಾನ್ಸರ್ ಕೋಶಗಳ ಮೇಲೆ ಒಂದು ಗೀರು ಎಳೆಯುವುದು, ಕೋಶಗಳು ಹರಿದಾಡಿ ಆ ಗೀರನ್ನು ಮುಚ್ಚುತ್ತವೋ ಇಲ್ಲವೋ ನೋಡುವುದು. ಎ ಹಾಕಿದ ತಟ್ಟೆಯಲ್ಲಿ ಮಾರನೆಯ ದಿನವೂ ಗೀರು ಹಾಗೇ ಇತ್ತು. ನೀನು ಆ ಪುಟದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೀಯ. ಬಿ ಹಾಕಿದ ತಟ್ಟೆಯಲ್ಲಿ ಗೀರು ಮುಚ್ಚಿಹೋಯಿತು. ಅಲ್ಲಿ ನೀನು ಬರೆದದ್ದು ಇಷ್ಟೇ: 'ಬಿ ಕೆಲಸ ಮಾಡಲಿಲ್ಲ. ಬಿಟ್ಟಿದ್ದೇನೆ.' ಅಂದರೆ ಬಿ ಚೀಟಿಯನ್ನೇ ಹರಿಯಲಿಲ್ಲ ಅಂತ ಅಂದುಕೊಂಡೆ. ಪ್ರೋಟೀನು ಹೋಯಿತೋ ಉಳಿಯಿತೋ ಅಂತ ಪರೀಕ್ಷೆ ಮಾಡಲಿಲ್ಲ. ಮೊದಲು ಗೀರು ನೋಡು, ಗೀರಿನಲ್ಲಿ ಏನಾದರೂ ಕಂಡರೆ ಮಾತ್ರ ಪ್ರೋಟೀನು ನೋಡು, ಇದು ನಿಮ್ಮ ಲ್ಯಾಬಿನ ರೂಢಿ. ಸಮಯ ಉಳಿಯುತ್ತದೆ ಅಂತ ಎಲ್ಲರೂ ಹಾಗೇ ಮಾಡುತ್ತಾರಂತೆ.

ಹೋದ ಗುರುವಾರ ನಾನು, ಎ ಹಾಕಿದ ಕೋಶಗಳಲ್ಲಿ ಪ್ರೋಟೀನು ಉಳಿದಿದೆಯೋ ಅಂತ ನೀನು ಪರೀಕ್ಷೆ ಮಾಡಿದ್ದ ಫಿಲ್ಮಿಗೆ ಅಡಿಬರಹ ಬರೆಯುತ್ತಿದ್ದೆ. ನೋಟ್‌ಬುಕ್ಕಿಗೆ ಅಂಟಿಸಿದ ಆ ಕಪ್ಪು ಫಿಲ್ಮಿನ ಮೇಲೆ ಎರಡು ವರ್ಷದ ಹಿಂದೆ ನೀನು ಪೆನ್ನಿನಲ್ಲಿ ಒಂದರಿಂದ ಏಳರವರೆಗೆ ಬರೆದಿದ್ದೀಯ. ಲೇನುಗಳು, ಅಂದರೆ ಜೆಲ್ಲಿನಲ್ಲಿ ಒಂದೊಂದು ಮಾದರಿ ಓಡಿದ ಉದ್ದ ಸಾಲುಗಳು, ಎಂಟಿವೆ. ಅಡಿಬರಹ ಬರೆಯುವವಳಿಗೆ ಎಣಿಸುವುದೇ ಕೆಲಸ ಅಕ್ಕಾ, ಬೇರೇನಿಲ್ಲ. ಎಂಟನೆಯದು ಏನು ಅಂತ ಫ್ರೀಜರ್ ಮಾವನನ್ನು ಕೇಳಿದೆ. 'ಕೊನೇ ಲೇನ್ ಖಾಲಿ ಬಿಟ್ರೆ ಜೆಲ್ ವಾರೆಯಾಗಿ ಓಡುತ್ತಮ್ಮ, ಏನಾದ್ರೂ ಉಳಿದದ್ದು ತುಂಬಿಸ್ತೀನಿ' ಅಂದರು. ಏನು ತುಂಬಿಸಿದಿರಿ ಅಂದೆ. ತಮ್ಮ ಜೇಬಿನ ಪುಟ್ಟ ಡೈರಿ ತೆಗೆದು, ಬೆರಳಿಗೆ ಎಂಜಲು ಹಚ್ಚಲು ಹೋಗಿ ಸುಮ್ಮನಾಗಿ, ಹಾಳೆ ಮಗುಚಿದರು. ನಿನ್ನ ಪುಟದ ತಾರೀಖು. ಎಂಟು: ಉಳಿದ ಬಿ. ನೀನು ಎಸೆದುಬಿಡಿ ಅಂದಿದ್ದ ಬಿ ತಟ್ಟೆಯ ಕೋಶಗಳನ್ನು, ಎಸೆಯಲು ಮನಸ್ಸು ಬಾರದೆ, ಅರೆದು ಟ್ಯೂಬಿನಲ್ಲಿ ಇಟ್ಟಿದ್ದರಂತೆ.

ಎಂಟನೇ ಲೇನಿನಲ್ಲಿ ನಿನ್ನ ಪ್ರೋಟೀನಿನ ಪಟ್ಟಿ ಇಲ್ಲ. ಎ ಲೇನಿನಲ್ಲಿ ಹೇಗೆ ಇಲ್ಲವೋ ಹಾಗೇ ಇಲ್ಲ. ಯಾವ ಚೀಟಿಗೂ ಹೊಂದದ ಸುಳ್ಳು ತುಣುಕು ಹಾಕಿದ ಲೇನುಗಳಲ್ಲಿ ಮಾತ್ರ ದಪ್ಪಗೆ ಇದೆ. ಅಂದರೆ ಬಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು, ಪ್ರೋಟೀನು ಹೋಗಿತ್ತು, ಆದರೂ ಕೋಶಗಳು ಹರಿದಾಡಿ ಗೀರು ಮುಚ್ಚಿದವು. ಹಾಗಾದರೆ ಎ ಹಾಕಿದಾಗ ಅವನ್ನು ನಿಲ್ಲಿಸಿದ್ದು ನಿನ್ನ ಜೀನು ಸುಮ್ಮನಾದದ್ದಲ್ಲ, ಮತ್ತೇನೋ. ಆ ಒಂದು ಜೀನಿನ ಹಿಂದೆ ನೀನು ಆರು ವರ್ಷ ಓಡಿದ್ದೀಯ.

ಶನಿವಾರದ ಆ ನಾಲ್ಕು ವಾಕ್ಯಕ್ಕೆ, ಫೋನು ಇಡುವ ಮೊದಲು ನೀನು ಅಂದದ್ದು, 'ಅದು ಖಾಲಿ ಲೇನು, ಕತ್ತರಿಸಿ ಏಳು ಮಾಡಿ ಹಾಕು.' ಖಾಲಿ ಅಲ್ಲ ಅಕ್ಕಾ. ಕೆಳಗೆ, ಯಾವ ಕೋಶ ಹಾಕಿದರೂ ಎಲ್ಲ ಲೇನಿನಲ್ಲೂ ಇರಬೇಕಾದ ಆ ಇನ್ನೊಂದು ಪ್ರೋಟೀನಿನ ಪಟ್ಟಿ ಎಂಟರಲ್ಲೂ ಇದೆ, ಏಳರಲ್ಲಿ ಇರುವಷ್ಟೇ ದಪ್ಪಗಿದೆ. ಬರೀ ನೀರು ಹಾಕಿದ್ದರೆ ಅದು ಎಲ್ಲಿಂದ ಬರಬೇಕು? ನಿನಗೆ ಇದು ಗೊತ್ತಿಲ್ಲದ್ದಲ್ಲ. ನನಗೆ ಮೈ ಪರಚಿಕೊಳ್ಳುವಂತಾಗುವುದು ಅದಕ್ಕೇ. ಬೇರೆ ಯಾರಾದರೂ ಈ ಫಿಲ್ಮು ತಂದು ತೋರಿಸಿದ್ದರೆ ನೀನು ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದೆ, ಹಿಡಿದು ಅವರನ್ನು ಕೂರಿಸಿಕೊಂಡು ಒಂದು ಗಂಟೆ ಪಾಠ ಮಾಡುತ್ತಿದ್ದೆ.

ಇಲ್ಲಿ ಯಾರ ಹತ್ತಿರ ಹೋಗಲಿ ಹೇಳು. ಮೇಡಂ ದಿನಕ್ಕೆರಡು ಸಲ ಬಾಗಿಲಿನಿಂದಲೇ 'ನಾಲ್ಕನೇ ಅಧ್ಯಾಯ ಆಯ್ತಾ? ಶುಕ್ರವಾರ ಬೇಕು' ಅನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಚಪ್ಪಲಿ ಸದ್ದು ಮೆಟ್ಟಿಲ ಹತ್ತಿರ ಇರುತ್ತದೆ. ನಿನ್ನೆ ಅಮ್ಮನಿಗೆ ಹೇಳೋಣ ಅಂತ ಎರಡು ಸಲ ಶುರುಮಾಡಿದೆ. 'ಅಕ್ಕನ ಕೆಲಸದಲ್ಲಿ ತಪ್ಪು ಹುಡುಕೋದು ಬಿಡು, ಅವಳು ಊಟ ಬಿಟ್ಟು ದುಡಿದಿದ್ದಾಳೆ' ಅಂದಳು, ನಾನಿನ್ನೂ ತಪ್ಪು ಅನ್ನುವ ಮಾತೇ ಎತ್ತಿರಲಿಲ್ಲ. ನನ್ನ ಮುಖದಲ್ಲಿ ಬರೆದಿತ್ತೋ ಏನೋ. ಫ್ರೀಜರ್ ಮಾವ ಮಾತ್ರ ಪೂರ್ತಿ ಕೇಳಿಸಿಕೊಂಡರು. 'ನಾನು ಅವತ್ತೇ ಪಾಪುಗೆ ಹೇಳಬೇಕಿತ್ತು, ಉಳಿದದ್ದು ತುಂಬಿಸಿದ್ದು ಅಂತ. ಲೆಕ್ಕಕ್ಕಿಲ್ಲದ ಲೇನು ಅಂದುಕೊಂಡೆ' ಅಂದರು. ನಿನ್ನನ್ನು ಅವರು ಈಗಲೂ ಪಾಪು ಅನ್ನುತ್ತಾರೆ, ಗೊತ್ತಿರಲಿ. ಆಮೇಲೆ ಒಂದು ಮಾತು ಹೇಳಿದರು, ನಾಲ್ಕು ದಿನದಿಂದ ಅದೇ ಹಿಡಿದುಕೊಂಡು ಕೂತಿದ್ದೇನೆ. 'ಎ ಏನೋ ನಿಲ್ಲಿಸಿದ್ದು ನಿಜ ತಾನೇ? ಹಾಗಿದ್ರೆ ಅದು ಯಾರ ಚೀಟಿ ಹರೀತು ಅಂತ ಹುಡುಕಬೇಕು. ಕ್ಯಾನ್ಸರ್ ಹರಡಿಸೋ ಕಳ್ಳ ಅವನೇ ಇರಬಹುದು.'

ನಾನು ನಿನ್ನನ್ನು ತಪ್ಪಿತಸ್ಥೆ ಅನ್ನುತ್ತಿಲ್ಲ. ಬಿ ಬಗ್ಗೆ ಬೇರೆ ಕಾರಣ ಇದ್ದರೂ ಇರಬಹುದು, ಅರೆದಿಟ್ಟ ಟ್ಯೂಬು ಕೆಟ್ಟಿರಬಹುದು, ಒಂದೇ ಸಲ ಮಾಡಿದ್ದನ್ನು ಯಾರೂ ನಂಬಬೇಕಿಲ್ಲ. ಮತ್ತೆ ಮಾಡಿ ನೋಡಿದರೆ ಗೊತ್ತಾಗುತ್ತದೆ. ಆದರೆ ಕತ್ತರಿಸಿಬಿಟ್ಟರೆ ಮತ್ತೆ ಮಾಡಬೇಕು ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ನೀನು ಬಂದು ಅದೇ ಎ ತುಣುಕನ್ನು ಇಲಿಗಳಿಗೆ ಚುಚ್ಚುತ್ತೀಯ, ಅದನ್ನು ಕಲಿಯಲು ತಾನೇ ಹೋಗಿರುವುದು. ಆಮೇಲೆ ಇನ್ಯಾರೋ ನಿನ್ನ ಥೀಸಿಸ್ ಓದಿ ಇನ್ನೂ ಆರು ವರ್ಷ ಅದೇ ಜೀನಿನ ಹಿಂದೆ ಹೋಗುತ್ತಾರೆ. ಅಕ್ಕಾ, ನೀನು ಸೋತರೆ ಅಮ್ಮನಿಗೆ ಹೇಗೆ ಹೇಳುವುದು ಅಂತ ನನಗೆ ಗೊತ್ತಿಲ್ಲ. ತಿಂಗಳ ಕೊನೆಗೆ ಥೀಸಿಸ್ ಸಲ್ಲಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು ಅನ್ನುವುದೂ ಗೊತ್ತು. ನಿನ್ನ ಮೇಲಿನ ಸಿಟ್ಟಿಗಿಂತ ನನಗೆ ಆ ಏಳು ಅನ್ನುವ ಅಂಕಿಯ ಮೇಲೆ ಸಿಟ್ಟು ಬರುತ್ತದೆ. ಎಂಟು ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಹಾಕಿದ್ದರೆ ಎರಡು ವರ್ಷದ ಹಿಂದೆಯೇ ಮುಗಿದುಹೋಗುತ್ತಿತ್ತು.

ಊಟ ಸರಿಯಾಗಿ ಮಾಡು. ಹೆಬ್ಬೆರಳಿಗೆ ರಾತ್ರಿ ಬಿಸಿನೀರಿನ ಶಾಖ ಕೊಡು. ಅಮ್ಮ ನಿನ್ನ ನೀಲಿ ಸ್ವೆಟರಿನ ತೋಳು ಮತ್ತೆ ಹೆಣೆದಿದ್ದಾಳೆ, ಈ ಲಕೋಟೆಯ ಜೊತೆ ಅದೂ ಬರುತ್ತದೆ. ಅವಳ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ. ಚಿಕ್ಕವಳು ದೊಡ್ಡವಳಿಗೆ ಆಶೀರ್ವಾದ ಮಾಡುವ ಹಾಗಿದ್ದರೆ ನನ್ನದನ್ನೂ ಸೇರಿಸಿಕೋ.

ನಿನ್ನ,
ಇರುವೆ

ಮರೆತ ಮಾತು: ಕೊರಿಯರಿನವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಇದು ಬುಧವಾರ ನಿನ್ನ ಕೈ ಸೇರುತ್ತದೆ. ಮೇಡಂಗೆ ನೀನೇ ಫೋನ್ ಮಾಡಿ ಹೇಳಲು ಗುರುವಾರ ಇಡೀ ದಿನ ಇದೆ, ನೀನು ಹೇಳಿದರೆ ನಾನು ಬರೀ ಟೈಪ್ ಮಾಡಿದವಳು. ಹೇಳದಿದ್ದರೆ ಶುಕ್ರವಾರ ಹತ್ತು ಗಂಟೆಗೆ ನಾಲ್ಕನೇ ಅಧ್ಯಾಯವನ್ನು ಅವರ ಕೈಗೇ ಕೊಡುತ್ತೇನೆ, ಅವರು ಆ ಪುಟ ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಚಿತ್ರವನ್ನು ಕತ್ತರಿಸಿಲ್ಲ. ಎಂಟನೇ ಲೇನಿನ ಮೇಲೆ ಬಿ ಅಂತ ಬರೆದಿದ್ದೇನೆ.