ಹನ್ನೊಂದನೇ ನಂಬರಿನ ಜರ್ಸಿ ಇಳಿಸಿದವರಿಗೆ

ನಗರಸಭೆಯ ಕ್ರೀಡಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಕ್ರೀಡಾಂಗಣದ ಸೂರಿನಲ್ಲಿ ನಲವತ್ತನಾಲ್ಕು ವರ್ಷ ಗೌರವಕ್ಕೆಂದು ತೂಗಾಡಿದ, ನಮ್ಮ ಹಳೆಯ ಆಟಗಾರ ಲೊವ್ರೆಯ ಹನ್ನೊಂದನೇ ನಂಬರಿನ ಜರ್ಸಿಯನ್ನು ಕಳೆದ ಶುಕ್ರವಾರ ತಾವು ಇಳಿಸಿಬಿಟ್ಟಿರಿ. ಕಾರಣವನ್ನೂ ಪತ್ರದಲ್ಲಿ ದಯಮಾಡಿ ತಿಳಿಸಿದ್ದೀರಿ. ಈಗಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ನೋಂದಣಿಯಾದದ್ದು 2012ರಲ್ಲಿ. ಸದರಿ ಆಟಗಾರರು ಆಟ ಬಿಟ್ಟದ್ದು 1981ರಲ್ಲಿ. ಆದಕಾರಣ ಅವರು ಈ ಕ್ಲಬ್ಬಿಗೆ ಆಡಿಯೇ ಇಲ್ಲ. ತರ್ಕ ಎಷ್ಟು ಚೊಕ್ಕವಾಗಿದೆಯೆಂದರೆ, ಓದಿ ಮುಗಿಸುವಷ್ಟರಲ್ಲಿ ನಾನಾದರೂ ಹುಟ್ಟಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಹುಟ್ಟದೇ ಇದ್ದ ಈ ಕ್ಲಬ್ಬಿನ ಕಥೆಯನ್ನು ಸ್ವಲ್ಪ ಕೇಳಿಸಿಕೊಳ್ಳಿ. 1947ರಲ್ಲಿ ಮೀನು ಡಬ್ಬಿ ಕಾರ್ಖಾನೆಯ ಕೆಲಸಗಾರರು ದಕ್ಕೆಯ ಪಕ್ಕದ ಬಯಲಲ್ಲಿ ಎರಡು ಕಂಬ ನೆಟ್ಟು, ‘ಗಾಲೆಬ್’ ಎಂದು ಕಡಲಹಕ್ಕಿಯ ಹೆಸರಿಟ್ಟು ಶುರುಮಾಡಿದರು. ಬೆಟ್ಟದಿಂದ ಸಮುದ್ರಕ್ಕೆ ನುಗ್ಗುವ ಬೂರಾ ಗಾಳಿ ಬೀಸಿದ ದಿನ ನಮ್ಮವರು ಬುಟ್ಟಿಯಿಂದ ಒಂದು ಮೊಳ ಆಚೆಗೆ ಗುರಿಯಿಟ್ಟು ಎಸೆಯುತ್ತಿದ್ದರು. ಪರವೂರಿನವರು ನೇರವಾಗಿ ಎಸೆದು ಚೆಂಡನ್ನು ಸಮುದ್ರಕ್ಕೆ ಕೊಡುತ್ತಿದ್ದರು. ಚೆಂಡು ಹಿಡಿದು ತರಲೆಂದೇ ಒಂದು ದೋಣಿ ನಿಂತಿರುತ್ತಿತ್ತು. ಆಮೇಲೆ ಕಾರ್ಖಾನೆಯವರೇ ಭಾನುವಾರಗಳಂದು ಕಲ್ಲು ಹೊತ್ತು ಈಗಿನ ಕ್ರೀಡಾಂಗಣ ಕಟ್ಟಿದರು. ಆ ವರ್ಷವೇ ಲೊವ್ರೆ ನಮ್ಮನ್ನು ಮೊದಲನೇ ದರ್ಜೆಗೆ ಏರಿಸಿದ. ಅವನು ಹದಿನೈದು ವರ್ಷ ಆಡಿ, ಕೊನೆಯ ಪಂದ್ಯದಲ್ಲಿ ಮೊಣಕಾಲು ಕಳೆದುಕೊಂಡ. ಅದು ಯಾವ ಕ್ಲಬ್ಬಿಗಾಗಿ ಹೋದ ಮೊಣಕಾಲು ಎಂದು ತಮ್ಮ ಪತ್ರದಲ್ಲಿಲ್ಲ.

ನಮ್ಮ ಕಡೆಯ ಕ್ಲಬ್ಬುಗಳು ಯಾರು ಪೋಷಿಸುತ್ತಾರೋ ಅವರ ಹೆಸರು ಹೊತ್ತುಕೊಳ್ಳುತ್ತವೆ. ಕಡಲಹಕ್ಕಿ ಮೀನು ಡಬ್ಬಿಯಾಯಿತು, ಡಬ್ಬಿ ಬಣ್ಣದ ಕಾರ್ಖಾನೆಯಾಯಿತು, ಬಣ್ಣ ಬ್ಯಾಂಕಾಯಿತು, ಆಮೇಲೆ ಐಸ್‌ಕ್ರೀಮು, ಆಮೇಲೆ ವಿಮೆ. 2012ರಲ್ಲಿ ವಿಮೆಯವರು ಕೈಬಿಟ್ಟಾಗ ಕ್ಲಬ್ಬು ದಿವಾಳಿಯೆದ್ದು, ಮರುವಾರವೇ ಊರಿನ ಹೆಸರಿನಲ್ಲಿ ಮತ್ತೆ ನೋಂದಣಿಯಾಯಿತು. 1974ರಿಂದ ಈ ಎಲ್ಲ ಹೆಸರುಗಳನ್ನೂ ಹೊಲಿದವಳು ನಾನು. ಪ್ರತಿ ಹೊಸ ಯಜಮಾನರೂ ಸೂರಿನಲ್ಲಿ ತೂಗುವ ಜರ್ಸಿಯ ಮೇಲೂ ತಮ್ಮ ಹೆಸರೇ ಇರಬೇಕೆಂದರು. ಅದನ್ನು ಇಳಿಸಿ, ಹಳೆಯದನ್ನು ಬಿಚ್ಚದೆ ಅದರ ಮೇಲೇ ತೇಪೆ ಹಾಕಿ, ಅದೇ ದಿನ ಮತ್ತೆ ಏರಿಸುತ್ತಿದ್ದೆವು. ಎದೆಯ ಭಾಗ ಕೌದಿಯಷ್ಟು ದಪ್ಪವಾಯಿತು. ಬೆನ್ನಿನ ಹನ್ನೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. 1991ರ ಯುದ್ಧದ ವರ್ಷ ನಿರಾಶ್ರಿತರು ಅದರ ಕೆಳಗೇ ಹಾಸಿಗೆ ಹಾಸಿ ಮಲಗಿದ್ದರು, ಆಗಲೂ ಮುಟ್ಟಲಿಲ್ಲ. ಅದಕ್ಕೆ ತಾವೇ ಬರಬೇಕಾಯಿತು.

ಶುಕ್ರವಾರ ನಡೆದದ್ದನ್ನು ತಾವು ನೋಡಲಿಲ್ಲ, ಕಚೇರಿಯಲ್ಲಿ ಕೆಲಸವಿತ್ತು. ಕ್ರೀಡಾಂಗಣ ನೋಡಿಕೊಳ್ಳುವ ಬೆಪೊ ಏಣಿ ಇಟ್ಟ. ಅವನಿಗೆ ಎತ್ತರ ಹತ್ತಿದರೆ ತಲೆಸುತ್ತು. ಎಂದಿನ ಜಾಗದಲ್ಲಿ ಕೂತಿದ್ದ ಲೊವ್ರೆ ಕುಂಟುತ್ತಾ ಎದ್ದು ಬಂದು ಏಣಿ ಹಿಡಿದ. ಎಪ್ಪತ್ತೇಳು ವರ್ಷ ಅವನಿಗೆ.

“ನನ್ ಕೈಲಾಗಲ್ಲ ಲೊವ್ರೆ. ಬೇರೆ ಯಾರಾದ್ರೂ ಇಳಿಸ್ಲಿ.”

“ಬೇರೆಯವ್ರು ಬಂದ್ರೆ ಎಳೆದು ಹರೀತಾರೆ ಮಾರಾಯ. ನೀನೇ ಬಿಚ್ಚು, ನಾನು ಹಿಡ್ಕೊಂಡಿದ್ದೀನಿ.”

ಕಸಕ್ಕೆ ಹಾಕೆಂದು ತಮ್ಮ ಆದೇಶವಿತ್ತಂತೆ. ಬೆಪೊ ಅದನ್ನು ಮಡಚಿ ನನ್ನ ಕೈಗಿಟ್ಟ. ಲೊವ್ರೆ ಟೊಪ್ಪಿ ಹಾಕಿಕೊಂಡು, “ನಾನು ಯಾರಿಗೂ ಆಡೇ ಇಲ್ವಂತೆ ಕಣೆ ವಿಂಕಾ. ಇನ್ ಮೇಲೆ ಮ್ಯಾಚಿಗೆ ಬರೋಕೂ ನಂಗೇನು ಹಕ್ಕು?” ಎಂದ. ಅವನು ನಗುತ್ತಾನೆಂದು ಕಾದೆ, ನಗಲಿಲ್ಲ. ಅಂದಿನಿಂದ ಮನೆಬಿಟ್ಟು ಹೊರಗೆ ಬಂದಿಲ್ಲ. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡಲಾರೆ.

ಸೋಮವಾರ ತಮ್ಮ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ, ಹನ್ನೊಂದು ಗಂಟೆಗೇ. ತಮ್ಮ ಗುಮಾಸ್ತೆ ಒಳ್ಳೆಯ ಹುಡುಗಿ.

“ವಿಂಕಾ ಅತ್ತೆ, ಹಳೇ ಕ್ಲಬ್ಬೂ ಇದೂ ಒಂದೇ ಅನ್ನೋಕೆ ದಾಖಲೆ ಬೇಕಂತೆ.”

“ಹೆಸರು ಬದಲಾದ ಮರುವಾರವೂ ಆಟಗಾರರು ಅವರೇ, ಕೋಚ್ ಅವನೇ, ಸೋರೋ ಸೂರೂ ಅದೇ ಕಣಮ್ಮ.”

“ಅದೆಲ್ಲ ಕಾಗದದಲ್ಲಿ ಇಲ್ವಲ್ಲ ಅತ್ತೆ.”

ಸರಿ ಎಂದು ತಲೆಯಾಡಿಸುವಾಗ ತಮ್ಮ ಕುರ್ಚಿಯ ಹಿಂದಿನ ಫೋಟೋ ಕಣ್ಣಿಗೆ ಬಿತ್ತು. ತಾವೇ, ಹದಿನೇಳು ವರ್ಷದವರು, ಹದಿನಾಲ್ಕನೇ ನಂಬರು, ಎದೆಯ ಮೇಲೆ ಐಸ್‌ಕ್ರೀಮಿನ ಹೆಸರು. ಕೆಳಗೆ ಹಿತ್ತಾಳೆಯ ಪಟ್ಟಿ: ‘ಅರ್ಧ ಶತಮಾನದ ಪರಂಪರೆಯ ಕ್ಲಬ್ಬಿನಲ್ಲಿ, 1995.’ ಆ ಹೆಸರಿನ ಕೊನೆಯ ಅಕ್ಷರದ ಬಾಲ ಮೊಟಕಾಗಿದೆ, ನೋಡಿದ್ದೀರಾ? ಅಕ್ಷರ ಕತ್ತರಿಸಲು ಬಟ್ಟೆಯ ಮೇಲಿಡುವ ನನ್ನ ಅಚ್ಚಿನ ಕಾಗದ ಆ ವರ್ಷ ಹರಿದಿತ್ತು. ಮನೆಗೆ ಬಂದು ಲೊವ್ರೆಯ ಜರ್ಸಿಯ ಮೇಲಿನ ಎರಡು ತೇಪೆಗಳ ಹೊಲಿಗೆ ಬಿಚ್ಚಿದೆ. ಕೆಳಗಿತ್ತು ಅದೇ ಐಸ್‌ಕ್ರೀಮು, ಅದೇ ಮೊಟಕು ಬಾಲ. ತಮ್ಮ ಎದೆಗೂ ಅವನ ಎದೆಗೂ ಒಂದೇ ದಿನ ಒಂದೇ ಥಾನಿನಿಂದ ಕತ್ತರಿಸಿ ಕೊಟ್ಟಿದ್ದೆ. ತಮ್ಮ ತರ್ಕದ ಪ್ರಕಾರ 1995ರಲ್ಲಿ ಈ ಕ್ಲಬ್ಬೇ ಇರಲಿಲ್ಲ. ಹಾಗಿದ್ದರೆ ಆ ಫೋಟೋದಲ್ಲಿ ತಾವು ಯಾರಿಗೆ ಆಡುತ್ತಿದ್ದಿರಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಅಕ್ಟೋಬರ್ ನಾಲ್ಕರ ಮೊದಲ ಪಂದ್ಯದೊಳಗೆ ಹನ್ನೊಂದನೇ ನಂಬರು ತನ್ನ ಜಾಗಕ್ಕೆ ಹೋಗಬೇಕು, ಅದನ್ನು ಲಿಖಿತವಾಗಿ ಲೊವ್ರೆಗೆ ತಾವೇ ತಿಳಿಸಬೇಕು. ತೇಪೆಗಳನ್ನು ಮತ್ತೆ ಹೊಲಿದು ಇಟ್ಟಿದ್ದೇನೆ. ಆಗದೆಂದರೆ ನಿಯಮ ಎಲ್ಲರಿಗೂ ಒಂದೇ ಇರಲಿ, ತಮ್ಮ ಫೋಟೋವನ್ನೂ ಗೋಡೆಯಿಂದ ಇಳಿಸಿ. ಬೆಪೊ ಏಣಿ ತರುತ್ತಾನೆ. ಹಿಡಿಯಲು ಲೊವ್ರೆಯನ್ನು ಕರೆಯುತ್ತೇನೆ, ಅವನಿಗೆ ಈಗ ಅಭ್ಯಾಸವಾಗಿದೆ.

ಇಂತಿ,
ಇಲ್ಲದ ಕ್ಲಬ್ಬಿಗೆ ಐವತ್ತೊಂದು ವರ್ಷ ಹೆಸರು ಹೊಲಿದ,
ವಿಂಕಾ ಶ್ಕರ್ಪಾ