ಬೀಸುಕಲ್ಲಿನ ಗೂಟ

ದೇವನಹಳ್ಳಿ ಠಾಣೆಯಿಂದ,
೧೪ ಜೂನ್ ೧೯೪೬

ಮಗನಾದ ಗೋಪಾಲನಿಗೆ ಅಪ್ಪ ವೆಂಕಟರಾಯಪ್ಪ ಮಾಡುವ ಆಶೀರ್ವಾದ.

ಮುಂಬಯಿ ಗಿರಣಿಯ ಹತ್ತಿಧೂಳಿಗೆ ನಿನ್ನ ಕೆಮ್ಮು ಹೆಚ್ಚಿತೋ, ತಗ್ಗಿತೋ? ಬಿಸಿನೀರನ್ನೇ ಕುಡಿ. ನಿಮ್ಮವ್ವ ಕ್ಷೇಮ. ಐದು ತಿಂಗಳ ಬಸುರಿ ನಿನ್ನ ಹೆಂಡತಿ ಗಂಗಲಕ್ಷ್ಮಿಯೂ ಕ್ಷೇಮ. ನಾನೂ ಕ್ಷೇಮವೇ, ಲಾಕಪ್ಪಿನಲ್ಲಿ ತಿಗಣೆ ಕಾಟ ಒಂದು ಬಿಟ್ಟರೆ. ಗಾಬರಿ ಬೀಳದೆ ಪೂರ್ತಿ ಓದು.

ನೀನೂ ನಿನ್ನ ಗೆಳೆಯರೂ ಕೋಟೆ ಬಾಗಿಲ ಹತ್ತಿರ ಕಾಫಿ ಮನೆ ತೆರೆದಾಗ ನಾನು ಉಗಿದದ್ದು ನೆನಪಿದೆಯಾ? ಕೂಲಿಯಿಲ್ಲದೆ ಸರದಿಯ ಮೇಲೆ ಒಲೆ ಊದುವ ಹುಚ್ಚರು ಎಂದಿದ್ದೆ. ನೀನು ಹೋದ ಮೇಲೆ ನಿನ್ನ ಸರದಿ ನನ್ನ ತಲೆಗೇ ಬಂತು, ಊದುತ್ತಿದ್ದೆ. ಶನಿವಾರದ ಹಾಡು ತಪ್ಪಿಲ್ಲ. ಕುಡಿದ ಲೋಟವನ್ನು ಅವರವರೇ ತೊಳೆಯಬೇಕೆಂಬ ನಿಮ್ಮ ಕಟ್ಟಳೆಯೂ ತಪ್ಪಿಲ್ಲ. ಅನಾಹುತ ಶುರುವಾದದ್ದು ಅದರಿಂದಲೇ.

ಹೋದ ಶನಿವಾರ ಕುಂದಾಣದ ಚಿಕ್ಕಬೀರಪ್ಪ ತಂಬೂರಿ ಮೀಟಿ ತತ್ವಪದ ಹೇಳಿದ. ಆಮೇಲೆ ರಾಗಿ ಬೀಸುವ ಪದ. ನಮ್ಮ ಮನೆಯ ಬೀಸುಕಲ್ಲನ್ನೇ ಹೊತ್ತೊಯ್ದು ಕಾಫಿ ಮನೆಯ ನಡುವೆ ಇಟ್ಟಿದ್ದರು. ಕಲ್ಲು ತಿರುಗದೆ ಪದ ಬಾಯಿಗೆ ಬರುವುದಿಲ್ಲವಂತೆ! ಅಷ್ಟರಲ್ಲಿ ಬೆಲ್ಲದ ಮಂಡಿಯ ಆದಿನಾರಾಯಣಪ್ಪ ಒಬ್ಬನೇ ಬಂದ. ಕಾಫಿ ಕುಡಿದು, ಲೋಟವನ್ನು ಬೀರಪ್ಪನ ಮುಖಕ್ಕೆ ಬೀಸಿ ಒಗೆದು, "ಹಾಡಿದ್ದು ಸಾಕು, ತೊಳಿಯೋ" ಅಂದ. ಬೀರಪ್ಪನ ಹುಬ್ಬು ಸೀಳಿ ಕಣ್ಣಿಗೆಲ್ಲ ರಕ್ತ. "ಇಲ್ಲಿ ಅವರವರ ಲೋಟ ಅವರವರೇ ತೊಳೀಬೇಕು ಕಣಪ್ಪಾ" ಅಂದ ಬೀರಪ್ಪ, ಅಷ್ಟೇ.

ಆ ಪಾಪಿ ತಂಬೂರಿಯ ಬುರುಡೆಯನ್ನು ಒದ್ದು ಒಡೆದ. ಚೂರು ಆಯಲು ಬಗ್ಗಿದ ಬೀರಪ್ಪನ ಬಲಗೈಯನ್ನು ಮೆಟ್ಟಿನ ಕಾಲಲ್ಲಿ ಹೊಸಕಿದ. ಬೆರಳುಗಳು ಲಟಲಟನೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಬಿಡಿಸಲು ಹೋದ ನನ್ನ ಎದೆಗೆ ಒದ್ದ. ಒಲೆಯ ಮೇಲಿದ್ದ ಕುದಿನೀರು ಚೆಲ್ಲಿ ನನ್ನ ಕಾಲಿನ ತೊಗಲು ಸುಲಿಯಿತು. ಆಮೇಲೆ ಅವನು ಸೊಂಟದ ಚೂರಿ ಕಿತ್ತು ಬೀರಪ್ಪನ ಕುತ್ತಿಗೆಗೆ ಒತ್ತಿದ. ಆಗ ನಾನು ಬೀಸುಕಲ್ಲಿನ ಗೂಟ ಕಿತ್ತು ಹಿಂದಿನಿಂದ ಅವನ ತಲೆಗೆ ಹಾಕಿದೆ. ಒಂದಲ್ಲ, ಮೂರು ಏಟು. ಮೂರನೆಯದಕ್ಕೆ ಬುರುಡೆ ಒಳಕ್ಕೆ ಹೋಯಿತು. ರಾಗಿಹಿಟ್ಟೆಲ್ಲ ರಕ್ತದಲ್ಲಿ ಕಲಸಿಹೋಯಿತು. ನನಗೆ ಪಶ್ಚಾತ್ತಾಪವಿಲ್ಲ, ಖಂಡಿತ ಇಲ್ಲ.

ದಫೇದಾರ, "ಗಂಡಸಿನ ಕೈಗೆ ಬೀಸೋಕಲ್ಲಿನ ಗೂಟ ಹೆಂಗಯ್ಯಾ ಬಂತು?" ಅಂದ. ನಾನೇ ಬೀಸುತ್ತಾ ಪದ ಹೇಳುತ್ತಿದ್ದೆ ಎಂದೆ. "ಹಂಗಾದ್ರೆ ಹೇಳು ನೋಡೋಣ" ಅಂದ. ನಲವತ್ತು ವರ್ಷ ನಿಮ್ಮವ್ವನ ಪದಕ್ಕೆ ನಿದ್ದೆಗೆಟ್ಟು ಬೈದವನು ನಾನು. ಅದೇ ಬಾಯಿಗೆ ಬಂತು. ಠಾಣೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಈಗ ಸಂತೆಯಲ್ಲೂ ನನ್ನದೇ ಮಾತಂತೆ. ಈ ಮೀಸೆ ಹೊತ್ತು ಹೆಂಗಸರ ಪದ ಹಾಡಿದೆನಲ್ಲಪ್ಪಾ! ನಗಲಿ ಬಿಡು.

ಆದಿನಾರಾಯಣಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾನೆ. ಉಳಿದರೆ ನನಗೆ ಜೈಲು, ಸತ್ತರೆ ನೇಣು ಅನ್ನುತ್ತಾರೆ. ನೀನು ಬರಬೇಡ, ಕೆಲಸ ಕಳೆದುಕೊಳ್ಳಬೇಡ. ನಿನ್ನ ಖೋಲಿಯ ಹುಡುಗರಿಗೆಲ್ಲ ನನ್ನ ಹರಕೆ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಪ್ಪ,
ವೆಂಕಟರಾಯಪ್ಪ

ಮರೆತ ಮಾತು: ಕಾಗದವನ್ನು ನೀವೆಲ್ಲ ಕೂತು ಓದುತ್ತೀರಿ. ಈ ಚೀಟಿ ಬೇರೆ. ಮುಂಬಯಿಗೆ ಹೊರಟಿರುವ ನಮ್ಮೂರ ರಾಮಾಂಜಿನಪ್ಪ ನಿನ್ನ ಕೈಗೇ ಕೊಡುತ್ತಾನೆ, ಓದಿ ಸುಟ್ಟುಬಿಡು. ಈಗ ತಾನೇ ಸುದ್ದಿ ಬಂತು, ಆದಿನಾರಾಯಣಪ್ಪ ಸತ್ತ. ನಾನು ಹೊಡೆದಿಲ್ಲ ಕಣೋ. ಸುಟ್ಟ ಕಾಲು ಹಿಡಿದು ಒಲೆಯ ಪಕ್ಕ ಬಿದ್ದಿದ್ದೆ. ಬೀಸುತ್ತಿದ್ದವಳು ನಿನ್ನ ಹೆಂಡತಿ ಗಂಗಿ, ಹೊಡೆದವಳೂ ಗಂಗಿ. ಅಲ್ಲಿದ್ದ ಹನ್ನೊಂದು ಜನವೂ ನನ್ನ ಹೆಸರನ್ನೇ ಹೇಳಿದ್ದಾರೆ. ಊಟ ತಂದಾಗಲೆಲ್ಲ "ಮಾವಾ, ನಿಜ ಹೇಳ್ಬಿಡ್ತೀನಿ" ಅಂತ ಅಳುತ್ತಾಳೆ, ಇನ್ನು ಹೆಚ್ಚು ದಿನ ತಡೆಯುವವಳಲ್ಲ. ಬರಬೇಡ ಅಂದದ್ದು ಸುಳ್ಳು. ಇವತ್ತೇ ರೈಲು ಹತ್ತು, ಅವಳನ್ನು ಕರೆದುಕೊಂಡು ಹೋಗು. ನನ್ನನ್ನು ನೋಡಲು ಠಾಣೆಗೆ ಬರಬೇಡ, ನಿನ್ನ ಮುಖ ನೋಡಿದರೆ ನನ್ನ ಬಾಯಲ್ಲೇ ನಿಜ ಬಂದುಬಿಡುತ್ತದೆ.